ಮೂಗು ಮುಚ್ಚಿದರೆ ರುಚಿ ಎಲ್ಲಿ?



ನಾಗರಪಂಚಮಿಯ ದಿನ ಪುತ್ತೂರು, ಸುಳ್ಯ, ಕಡಬದ ಅನೇಕ ಮನೆಗಳಿಂದ ಅರಸಿನ ಎಲೆ ಬೇಯುವ ಪರಿಮಳ ಬರುತ್ತದೆ. ಎಲೆಗೆ ಅಕ್ಕಿಹಿಟ್ಟು ಸವರಿ, ಬೆಲ್ಲ, ಕಾಯಿತುರಿ ಇಟ್ಟು ಮಡಚಿ, ಹಬೆಯಲ್ಲಿ ಬೇಯಿಸಿದ ಗಟ್ಟಿಯನ್ನು ನಿಮ್ಮಲ್ಲಿ ಹಲವರು ತಿಂದಿದ್ದೀರಿ. ಮುಂದಿನ ಸಲ ಮೂಗನ್ನು ಬಿಗಿಯಾಗಿ ಹಿಡಿದುಕೊಂಡು ಒಂದು ತುಂಡು ಜಗಿದು ನೋಡಿ. ಸಿಹಿ ತಿಳಿಯುತ್ತದೆ, ಮೆತ್ತಗಿರುವುದು ತಿಳಿಯುತ್ತದೆ. ಅರಸಿನ ಎಲೆ ಮಾತ್ರ ಕಾಣೆ. ಮೂಗು ಬಿಟ್ಟು ಉಸಿರಾಡಿ, ಅದು ಥಟ್ಟನೆ ಬಂದುಬಿಡುತ್ತದೆ.

ನಾಲಿಗೆ ಬಲ್ಲದ್ದು ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಉಮಾಮಿ ಎಂಬ ಐದನ್ನು. ಖಾರ ಎನ್ನುವುದು ಉರಿ, ರುಚಿಯಲ್ಲ. ನಮ್ಮ ಷಡ್ರಸದ ಲೆಕ್ಕ ಬೇರೆ. ಉಳಿದದ್ದೆಲ್ಲ ಬಹುಪಾಲು ವಾಸನೆ. ಜಗಿಯುವಾಗ ಪರಿಮಳವು ಗಂಟಲಿನ ಹಿಂದಿನಿಂದ ಮೂಗಿನ ಮೇಲ್ಭಾಗಕ್ಕೆ ಏರುತ್ತದೆ. ಅಲ್ಲಿ ಸುಮಾರು 400 ಬಗೆಯ ಗ್ರಾಹಕಗಳು ಕಾದಿವೆ. ಇವುಗಳ ಜೀನ್‌ಗಳನ್ನು 1991ರಲ್ಲಿ ಗುರುತಿಸಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ಪುತ್ತೂರಿನಲ್ಲಿ 1986ರಲ್ಲಿ ಆರಂಭವಾದ ಕ್ಯಾಂಪ್ಕೊ ಕಾರ್ಖಾನೆಯ ಚಾಕಲೇಟು ಕೂಡ ಮೂಗು ಕಟ್ಟಿದವನಿಗೆ ಬರೀ ಸಿಹಿ ಜಿಡ್ಡು.

ನೆಗಡಿಯಾದರೆ ಮೂಗು ನಾಲ್ಕು ದಿನದಲ್ಲಿ ತೆರೆದೀತು. 2020ರಲ್ಲಿ ಹರಡಿದ ಕೋವಿಡ್ ಅನೇಕರ ಘ್ರಾಣಶಕ್ತಿಯನ್ನೇ ಕಸಿಯಿತು. ಕೆಲವರಿಗೆ ಅದು ಮರಳಿದಾಗ ಕಾಫಿ, ಬೆಳ್ಳುಳ್ಳಿಗಳೇ ಹೊಲಸು ನಾರತೊಡಗಿದವು. ವಯಸ್ಸಾದಂತೆಯೂ ಈ ಶಕ್ತಿ ಕುಗ್ಗುತ್ತದೆ, ಅದೂ ಗೊತ್ತಾಗದ ಹಾಗೆ. ಅಜ್ಜಿ "ಈಗೀಗ ಸಾಂಬಾರಿಗೆ ರುಚಿಯೇ ಇಲ್ಲ" ಎನ್ನುತ್ತಾರೆ. ಅಮ್ಮನಿಗೆ ಬೇಸರ. ಇಬ್ಬರದೂ ತಪ್ಪಲ್ಲ. ಅಜ್ಜಿ ಉಪ್ಪು ಹೆಚ್ಚಿಸಿಕೊಳ್ಳುತ್ತಾರೆ, ರಕ್ತದೊತ್ತಡ ಇದ್ದವರಿಗೆ ಅದು ಕೆಟ್ಟದ್ದು. ಇಲ್ಲವೇ ಊಟವನ್ನೇ ಕಡಿಮೆ ಮಾಡುತ್ತಾರೆ. ಹಳಸಿದ ಪಲ್ಯ ಅವರಿಗೆ ತಿಳಿಯದು. ಅಡುಗೆ ಅನಿಲಕ್ಕೆ ದುರ್ವಾಸನೆಯ ಮರ್ಕ್ಯಾಪ್ಟನ್ ಬೆರೆಸುವುದು ಸೋರಿಕೆ ಗೊತ್ತಾಗಲೆಂದು, ಅದೂ ತಿಳಿಯದು. ಅಂಥವರು ಒಬ್ಬರೇ ಇರುವ ಮನೆಯಾದರೆ ಹೊರಡುವ ಮೊದಲು ಸಿಲಿಂಡರಿನ ರೆಗ್ಯುಲೇಟರನ್ನು ನೀವೇ ನೋಡಿ.

ಮೊದಲು ವೈದ್ಯರಿಗೆ ತೋರಿಸಬೇಕು, ಕಾರಣಗಳು ಹಲವು. ಜರ್ಮನಿಯ ಥಾಮಸ್ ಹಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಒಂದು ಅಭ್ಯಾಸ ತಿಳಿಸಿದರು: ಗುಲಾಬಿ, ಲಿಂಬೆ, ಲವಂಗ, ನೀಲಗಿರಿ ಪರಿಮಳಗಳನ್ನು ದಿನಕ್ಕೆರಡು ಬಾರಿ, 12 ವಾರ, ಗಮನವಿಟ್ಟು ಮೂಸುವುದು. ಎಲ್ಲರಿಗೂ ಫಲಿಸದು, ಕೆಲವರಿಗೆ ಫಲಿಸಿದೆ. ಲವಂಗ ಅಡುಗೆಮನೆಯ ಡಬ್ಬಿಯಲ್ಲಿದೆ, ಲಿಂಬೆ ಹಿತ್ತಿಲಲ್ಲಿ ಸಿಕ್ಕೀತು. ಅಜ್ಜಿಯ ಪಕ್ಕದಲ್ಲಿ ಕುಳಿತು ದಿನ ಎಣಿಸುವ ಕೆಲಸ ನಿಮ್ಮದು.