ಭತ್ಯೆ ಕೆಲವು ತಿಂಗಳು, ಕಲಿತದ್ದು ಕಡೀತನಕ

(ಜತ್ತ ತಾಲೂಕಿನ ಕನ್ನಡ ಯುವಕ-ಯುವತಿಯರ ಮುಂದೆ ಆಡಿದ ಮಾತುಗಳು)

ಉಮದಿ, ಸಂಖ, ಮಾಡಗ್ಯಾಳ ಕಡೆಯಿಂದ ಬಸ್ ಹಿಡಿದು ಬಂದೀರಿ. ಉದ್ದ ಭಾಷಣ ಮಾಡೂದಿಲ್ಲ. ಗಡಿ ಮಾತು, ನೀರಿನ ಮಾತು ನಾವು ದಿನಾ ಆಡ್ತೀವಿ. ಇವತ್ತು ಡಿಗ್ರಿ ಮುಗಿಸಿ ಕಟ್ಟೀ ಮ್ಯಾಲೆ ಕುಂತವರ ಮಾತು ಆಡೋಣ.

2024ರ ಜುಲೈದಾಗ ಮಹಾರಾಷ್ಟ್ರ ಸರ್ಕಾರ ‘ಮುಖ್ಯಮಂತ್ರಿ ಯುವಾ ಕಾರ್ಯ ಪ್ರಶಿಕ್ಷಣ ಯೋಜನಾ’ ಅಂತ ತಂದಿತು. 18ರಿಂದ 35 ವಯಸ್ಸಿನವರಿಗೆ ಸರ್ಕಾರಿ ಕಚೇರಿ ಅಥವಾ ಖಾಸಗಿ ಉದ್ಯಮದಾಗ ಕೆಲಸದ ತರಬೇತಿ. ತಿಂಗಳಿಗೆ 12ನೇ ಪಾಸಾದವರಿಗೆ 6,000, ಐಟಿಐ ಮತ್ತು ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 10,000 ರೂಪಾಯಿ. ರೊಕ್ಕ ನೇರ ಬ್ಯಾಂಕ್ ಖಾತೆಗೆ. ಮೊದಲು 6 ತಿಂಗಳು ಅಂದಿದ್ದರು, 2025ರಲ್ಲಿ 11 ತಿಂಗಳಿಗೆ ಏರಿಸಿದರು.

ನಮ್ಮ ಹಳ್ಳಿಗಳಲ್ಲಿ ಇದರ ಸುದ್ದಿ ಕೇಳಿದಾಗ ಎರಡು ಮಾತು ಬಂದವು. ಒಂದು, ‘ನಾವು ವಿಜಯಪುರದಾಗ ಓದೀವಿ, ನಮಗಿಲ್ಲ.’ ಎರಡು, ‘ಅರ್ಜಿ ಮರಾಠಿಯೊಳಗ ಅದ, ನಮಗ್ಯಾಕ?’

ಮೊದಲನೆಯದು ತಪ್ಪು ತಿಳುವಳಿಕೆ. ನಿಯಮ ಕೇಳೂದು ಮಹಾರಾಷ್ಟ್ರದ ಅಧಿವಾಸ. ಕಾಲೇಜು ಯಾವ ಊರಾಗ ಇತ್ತು ಅಂತಲ್ಲ. ಜತ್ತದಾಗ ಹುಟ್ಟಿ, ಜತ್ತದಾಗ ರೇಷನ್ ತಗೊಂಡು, ಜತ್ತದಾಗ ಮತ ಹಾಕೋ ಹುಡುಗ ವಿಜಯಪುರದಾಗ ಬಿ.ಎ. ಮಾಡಿದ್ರ ಪರದೇಶಿ ಆಗೂದಿಲ್ಲ.

ಕರ್ನಾಟಕದ ‘ಯುವನಿಧಿ’ ಕಡೆ ನೋಡಿದ್ರ, ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500. ಆದ್ರ ಅದು ಕರ್ನಾಟಕದ ನಿವಾಸಿಗಳಿಗೆ. ಅಂದ ಮ್ಯಾಲೆ ಆ ಕಡೆ ಬಾಗಿಲು ನಮಗ ಮುಚ್ಚೇದ, ಈ ಕಡೆ ಬಾಗಿಲು ನಾವೇ ಮುಚ್ಚಿಕೊಂಡೀವಿ. ಮೊದಲು ನಾವು ಹಾಕಿದ ಚಿಲಕ ನಾವು ತೆಗೀಬೇಕು.

ಎರಡನೇ ಮಾತು ಭಾರೀ ಮಾತು. ಜಿಲ್ಲಾ ಪರಿಷದ್ ಕನ್ನಡ ಶಾಲೆಯೊಳಗ ಕಲಿತ ಹುಡುಗಿಗೆ ಮರಾಠಿ ಅರ್ಜಿ ಕೈಯಾಗ ಕೊಟ್ಟರ ಆಕೆ ಹೆದರತಾಳ. ಇದು ಆಕೆಯ ದಡ್ಡತನ ಅಲ್ಲ. ಸಂವಿಧಾನದ 350ನೇ ವಿಧಿ ಹೇಳೂದು ಏನಂದ್ರ, ನಮ್ಮ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗೆ ಕೊಡಬಹುದು. ಮಾಹಿತಿ ಸಿಗಲಿಲ್ಲ, ಅರ್ಜಿ ತಗೊಳ್ಳಲಿಲ್ಲ ಅಂದ್ರ ಕನ್ನಡದಾಗ ಬರೆದು ದೂರು ಕೊಡ್ರಿ, ಪೋಚ್ ತಗೊಳ್ರಿ. ಆದ್ರ ಒಂದು ಮಾತು ಬಿಚ್ಚಿ ಹೇಳ್ತೀವಿ, ಸಿಟ್ಟಾಗಬ್ಯಾಡ್ರಿ: ಮರಾಠಿ ಓದಲಿಕ್ಕೆ, ಬರೀಲಿಕ್ಕೆ ಕಲೀರಿ. ಮರಾಠಿ ಕಲಿತ್ರ ಕನ್ನಡ ಕಡಿಮೆ ಆಗೂದಿಲ್ಲ. ಬಜಾರದಾಗ ಮಾತಾಡ್ತೀವಿ, ಅರ್ಜಿ ಮುಂದ ಯಾಕ ನಾಚಿಕೆ?

ಈಗ ಮುಖ್ಯ ಮಾತಿಗೆ ಬರ್ತೀವಿ. ಆ ಯೋಜನೆಯೊಳಗ ಸರ್ಕಾರಿ ಕಚೇರಿಗಳು ಮಂಜೂರಾದ ಹುದ್ದೆಗಳ 5 ಪ್ರತಿಶತದಷ್ಟು ತರಬೇತಿಯವರನ್ನು ತಗೊಳ್ಳಬಹುದು ಅಂತ ಅದ. ನಮ್ಮ ಅಜ್ಜಿ ಪಿಂಚಣಿ ಕೇಳಲಿಕ್ಕೆ ಕಚೇರಿಗೆ ಹೋದಾಗ ಏನಾಗ್ತದ? ಆಕೆ ಕನ್ನಡದಾಗ ಹೇಳ್ತಾಳ, ಅವರು ಮರಾಠಿಯೊಳಗ ಕೇಳ್ತಾರ, ನಡುವ ಯಾರಿಗೋ 200 ರೂಪಾಯಿ ಹೋಗ್ತದ. ಆ ಮೇಜಿನ ಹತ್ರ ಎರಡೂ ಭಾಷೆ ಬಲ್ಲ ನಮ್ಮೂರ ಹುಡುಗಿ ಒಬ್ಬಾಕೆ ಕುಂತ್ರ? ನಾವು ಇಷ್ಟು ವರ್ಷ ಮನವಿ ಕೊಟ್ಟು ಆಗದ ಕೆಲಸ ಅಲ್ಲಿ ದಿನಾ ಆಗ್ತದ. ಅದಕ್ಕೇ ಜಾಗ ಕೇಳುವಾಗ ನಮ್ಮ ಕನ್ನಡ ಹಳ್ಳಿಗಳ ಪಂಚಾಯತಿ, ಕನ್ನಡ ಶಾಲೆ, ಆರೋಗ್ಯ ಕೇಂದ್ರ ಅಂತ ಕೇಳ್ರಿ.

ಆದ್ರ ಮೋಸ ಹೋಗಬ್ಯಾಡ್ರಿ. ಇದು ನೌಕರಿ ಅಲ್ಲ. ಅವಧಿ ಮುಗಿದ ಮ್ಯಾಲೆ ಕೈಯಾಗ ಉಳಿಯೂದು ಒಂದು ಪ್ರಮಾಣಪತ್ರ. ಕಾಯಂ ಮಾಡ್ರಿ ಅಂತ ತರಬೇತಿ ಮುಗಿಸಿದವರು ಮುಂಬೈ ಆಜಾದ್ ಮೈದಾನದಾಗ ಕುಂತದ್ದು ನಿಮಗ ಗೊತ್ತದ. ಅವರ ಸಂಕಟ ಖರೇ. ಅದರಿಂದ ನಾವು ಕಲಿಯೂದು ಏನಂದ್ರ, ಮೊದಲ ದಿನದಿಂದಲೇ ಮುಂದಿನ ಪರೀಕ್ಷೆಗೆ ಓದ್ರಿ. ಕಡತ ಹೆಂಗ ನಡೀತದ, ಟೈಪಿಂಗ್ ಹೆಂಗ, ಟಿಪ್ಪಣಿ ಹೆಂಗ ಬರೀತಾರ, ಎಲ್ಲಾ ನೋಡಿಕೊಳ್ರಿ.

ಕೇಂದ್ರದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯೂ ಅದ. 2024ರ ಅಕ್ಟೋಬರ್‌ದಾಗ ಶುರುವಾದಾಗ 21ರಿಂದ 24 ವಯಸ್ಸಿನವರಿಗೆ ದೊಡ್ಡ ಕಂಪನಿಗಳಲ್ಲಿ 12 ತಿಂಗಳು, ತಿಂಗಳಿಗೆ 5,000, ಒಮ್ಮೆ 6,000 ರೂಪಾಯಿ ಅಂತ ಇತ್ತು. ಶುರುವಾದಾಗ ಪೂರ್ಣಾವಧಿ ಕಾಲೇಜಿನಾಗ ಓದುತ್ತಿದ್ದವರಿಗೆ ಇವೆರಡೂ ಇರಲಿಲ್ಲ. ನೀವು ಈಗ ಕಾಗದಪತ್ರ ಸಜ್ಜು ಮಾಡಿಕೊಳ್ರಿ. ನಿಯಮ, ದಿನಾಂಕ ಬದಲಾಗ್ತಾವ. ಅರ್ಜಿ ಹಾಕೂ ಮುಂಚೆ ಸರ್ಕಾರದ ಪೋರ್ಟಲ್‌ನಲ್ಲೇ ನೋಡ್ರಿ, ವಾಟ್ಸಾಪ್ ನಂಬಬ್ಯಾಡ್ರಿ.

ಕಡೀಗೆ ಮನಿಗೆ ಹೋಗಿ ಮಾಡೂ ಕೆಲಸ. ಆಧಾರ್, ಅಧಿವಾಸ ಪ್ರಮಾಣಪತ್ರ, ಅಂಕಪಟ್ಟಿ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಒಂದೇ ಕಡೆ ಇಡ್ರಿ. ಶಾಲೆ ದಾಖಲೆ ಕನ್ನಡದಾಗ, ಆಧಾರ್ ಮರಾಠಿಯೊಳಗ, ಅಂಕಪಟ್ಟಿ ಇಂಗ್ಲಿಷ್‌ನಾಗ ಇದ್ರ ಒಬ್ಬನೇ ಹುಡುಗನಿಗೆ ಮೂರು ಹೆಸರು ಆಗಿರ್ತಾವ. ಅದನ್ನ ಇವತ್ತೇ ಹೊಂದಿಸಿ ನೋಡ್ರಿ. ‘ರೋಜಗಾರ್ ಮಹಾಸ್ವಯಂ’ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸ್ರಿ. ಮರಾಠಿ ಬಲ್ಲವರು ಬಾರದವರ ಪಕ್ಕದಾಗ ಕುಂತು ತುಂಬಿಸಿಕೊಡ್ರಿ.

ಭತ್ಯೆ ಯಾರ ಭಿಕ್ಷೆಯೂ ಅಲ್ಲ. ನಮ್ಮ ಅಪ್ಪ-ಅವ್ವ ಕಟ್ಟಿದ ತೆರಿಗೆಯ ರೊಕ್ಕ. ಕನ್ನಡದವರಾಗಿ ಹೋಗ್ರಿ, ತಲೆ ಎತ್ತಿ ಕೇಳ್ರಿ, ಕಲಿತು ಬರ್ರಿ.