ರೆಕ್ಕೆಯ ಒಂದು ತೊಟ್ಟು ರಕ್ತ

(ಕಟ್ಟೆಮಳಲವಾಡಿಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ಕೋಳಿ ವಿಚಾರ ಮಾತಾಡ್ತೀವಿ ಅಂದಾಗ ಹಿಂದಿನ ಸಾಲಲ್ಲಿ ನಗು ಬಂತು. ನಗಿ, ಪರವಾಗಿಲ್ಲ. ಆದರೆ ನಮ್ಮಲ್ಲಿ ಎಷ್ಟೋ ಜನ ಹಾಸ್ಟೆಲಿಗೆ ಬಂದದ್ದು ಅವ್ವ ಕೋಳಿ ಮಾರಿದ ದುಡ್ಡಿನಲ್ಲಿ. ಟ್ರಂಕು, ಚಾಪೆ, ಬಸ್ ಚಾರ್ಜು, ಒಂದೊಂದರ ಹಿಂದೆಯೂ ಒಂದೊಂದು ಹೇಂಟೆ ಇದೆ. ಜಮೀನಿಲ್ಲದ ಕೇರಿಯಲ್ಲಿ ಹೆಂಗಸಿನ ಕೈಯಲ್ಲಿ ಉಳಿಯೋ ದುಡ್ಡು ಅಂದರೆ ಮಂಕರಿ ಕೆಳಗಿರೋ ಅದೇ.

ಆ ಹೇಂಟೆಗೆ ಹತ್ತು ಹನ್ನೆರಡು ಮೊಟ್ಟೆ ಇಟ್ಟು ಕಾವಿಗೆ ಕೂರಿಸ್ತಾರೆ. ಇಪ್ಪತ್ತೊಂದನೇ ದಿನಕ್ಕೆ ಪಿಳ್ಳೆ ಆಗ್ತವೆ. ವಾರ ಕಳೆಯೋದರೊಳಗೆ ರೆಕ್ಕೆ ಇಳಿಬಿಟ್ಟು, ಒಂದಕ್ಕೊಂದು ಒತ್ತಿಕೊಂಡು ನಿಲ್ತವೆ. ಹಿಂದುಗಡೆ ಸುಣ್ಣದಂಥ ಬಿಳಿ ಹಿಕ್ಕೆ ಮೆತ್ತಿಕೊಂಡಿರ್ತದೆ. ಒಂದೊಂದಾಗಿ ಸಾಯ್ತವೆ. ಅವ್ವ ಕಣ್ಣು ಬಿತ್ತು ಅಂತಾಳೆ, ಪಕ್ಕದ ಹಟ್ಟಿಯವಳ ಜೊತೆ ಜಗಳ ಹತ್ತಿಕೊಳ್ತದೆ. ಹೇಂಟೆ ಮಾತ್ರ ಗಟ್ಟಿಮುಟ್ಟಾಗಿ ತಿಪ್ಪೆ ಕೆದರ್ತಾ ಇರ್ತದೆ.

ಅನುಮಾನ ಪಡಬೇಕಾದ್ದು ಆ ಹೇಂಟೆ ಮೇಲೆ. ಈ ಬಿಳಿ ಭೇದಿಗೆ ಪುಲ್ಲೋರಂ ಅಂತ ಹೆಸರು, ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾದಿಂದ ಬರೋದು. ಮರಿಯಾಗಿದ್ದಾಗ ರೋಗ ತಗುಲಿ ಬದುಕುಳಿದ ಕೋಳಿ ಅದನ್ನ ಅಂಡಾಶಯದಲ್ಲಿ ಇಟ್ಟುಕೊಂಡು ಮೊಟ್ಟೆಯೊಳಗೇ ಪಿಳ್ಳೆಗೆ ದಾಟಿಸಬಹುದು. ಇದರ ಒಡಹುಟ್ಟು ಕೋಳಿ ಟೈಫಾಯ್ಡ್. ಅದು ದೊಡ್ಡ ಕೋಳಿಯನ್ನೂ ಬಿಡಲ್ಲ: ಜುಟ್ಟು ಬಿಳಿಚಿಕೊಳ್ತದೆ, ಹಳದಿ ಹಸಿರು ಭೇದಿ ಆಗ್ತದೆ, ಕೊಯ್ದು ನೋಡಿದರೆ ಈಲಿ ಊದಿ ಕಂಚಿನ ಬಣ್ಣ. (ಮನುಷ್ಯರ ಟೈಫಾಯ್ಡೇ ಬೇರೆ, ಅದು ಕೋಳಿಯಿಂದ ಬರೋದಲ್ಲ. ಹಾಗಂತ ರೋಗದ ಕೋಳಿ ತಿನ್ನಬೇಡಿ. ಸಾಲ್ಮೊನೆಲ್ಲಾದ ಬೇರೆ ಜಾತಿಗಳು ನಮ್ಮ ಹೊಟ್ಟೆಯನ್ನೂ ಕೆಡಿಸ್ತವೆ. ಜಾತಿ ಅಲ್ಲೂ ಇದೆ ನೋಡಿ!)

ನಮ್ಮ ಕಡೆ ಕೋಳಿ ಹೇಗೆ ಸತ್ತರೂ ಕೊಕ್ಕರೆ ರೋಗ ಅಂದುಬಿಡ್ತೀವಿ. ಕೊಕ್ಕರೆ ರೋಗ ಅಂದರೆ ರಾಣಿಖೇತ್, ಅದು ವೈರಸ್ಸಿನದು, ಅದಕ್ಕೆ ಲಸಿಕೆ ಇದೆ. ಆ ಲಸಿಕೆ ಬಿಳಿ ಭೇದಿಯನ್ನ ತಡೆಯಲ್ಲ.

ಪತ್ತೆ ಮಾಡೋದು ಕಷ್ಟವೇನಲ್ಲ. ನಾಲ್ಕು ತಿಂಗಳು ದಾಟಿದ ಕೋಳಿಯ ರೆಕ್ಕೆ ಬಿಚ್ಚಿ, ಅಡಿಯ ನರಕ್ಕೆ ಸೂಜಿ ಚುಚ್ಚಿದರೆ ಒಂದು ತೊಟ್ಟು ರಕ್ತ. ಬಿಳಿ ಬಿಲ್ಲೆಯ ಮೇಲೆ ನೇರಳೆ ಬಣ್ಣದ ಆಂಟಿಜನ್ ಒಂದು ತೊಟ್ಟು. ಎರಡನ್ನೂ ಕಲಸಿ ಬಿಲ್ಲೆಯನ್ನ ಅತ್ತ ಇತ್ತ ವಾಲಿಸ್ತಾರೆ. ಎರಡು ನಿಮಿಷದೊಳಗೆ ಒಡೆದ ಹಾಲಿನ ಹಾಗೆ ಚೂರುಚೂರಾದರೆ ಆ ಕೋಳಿ ಮೇಲೆ ಗುಮಾನಿ. ಕೆಲವು ಸಲ ಬೇರೆ ಬ್ಯಾಕ್ಟೀರಿಯಾದಿಂದಲೂ ಹಾಗಾಗಬಹುದು, ಅದಕ್ಕೇ ಪ್ರಯೋಗಾಲಯದಲ್ಲಿ ಖಾತ್ರಿ ಮಾಡಿಕೊಳ್ಳಬೇಕು. ಒಂದೇ ಸಲಕ್ಕೆ ಮುಗಿಯಲ್ಲ, ಮೂರು ನಾಲ್ಕು ವಾರ ಬಿಟ್ಟು ಮತ್ತೆ ನೋಡಬೇಕು.

ಈ ವಿದ್ಯೆ ಹೊಸದಲ್ಲ. ಕೋಳಿಯ ರಕ್ತ ಪರೀಕ್ಷೆ 1913ರಷ್ಟು ಹಳೆಯದು. ಅಮೆರಿಕದವರು 1935ರಲ್ಲಿ ಈ ರೋಗದ ಮೇಲೆಯೇ ರಾಷ್ಟ್ರೀಯ ಯೋಜನೆ ಹೂಡಿ ದೊಡ್ಡ ಫಾರಂಗಳಿಂದ ಅದನ್ನ ಓಡಿಸಿದರು. ಆಂಟಿಜನ್ನನ್ನ ನಮ್ಮ ದೇಶದ ಇಜ್ಜತ್‌ನಗರದ ಪಶು ಸಂಶೋಧನಾ ಸಂಸ್ಥೆಯಲ್ಲೇ ತಯಾರು ಮಾಡ್ತಾರೆ. ದೊಡ್ಡ ಹ್ಯಾಚರಿಯವರಿಗೆ ಇದೆಲ್ಲ ಗೊತ್ತು, ತಾಯಿಕೋಳಿಯ ರಕ್ತ ನೋಡಿಸ್ತಾರೆ. ಇದೇ ಕಟ್ಟೆಮಳಲವಾಡಿಯ ಹರಾಜು ಕಟ್ಟೆಗೆ ಬನ್ನಿ, ಹೊಗೆಸೊಪ್ಪಿನ ಒಂದೊಂದು ಬೇಲನ್ನೂ ಮುಟ್ಟಿ, ಬಿಡಿಸಿ, ದರ್ಜೆ ಕಟ್ತಾರೆ. ಅವ್ವನ ಕೋಳಿಯ ರೆಕ್ಕೆ ಬಿಚ್ಚಿ ನೋಡಿದವರು ಯಾರು?

ಈಗ ಕಷ್ಟದ ಮಾತು. ರೋಗ ಹೊತ್ತ ಹೇಂಟೆ ಸಿಕ್ಕರೆ ತೆಗೆದುಬಿಡಬೇಕು. ಔಷಧಿಯಿಂದ ಸಾವು ಕಡಿಮೆಯಾಗಬಹುದು, ಒಳಗಿನ ರೋಗ ಪೂರ್ತಿ ಹೋಗುತ್ತೆ ಅನ್ನೋಕಾಗಲ್ಲ. ನಾಲ್ಕೇ ಹೇಂಟೆ ಇರೋ ಅವ್ವನಿಗೆ ಮೂರನ್ನ ಕೊಲ್ಲು ಅಂತ ಯಾವ ಬಾಯಲ್ಲಿ ಹೇಳೋದು? ಅವಳು ಮಂಕರಿಯನ್ನ ಅಟ್ಟಕ್ಕೆ ಏರಿಸಿ ಬಚ್ಚಿಡ್ತಾಳೆ. ನಾವಾಗಿದ್ದರೂ ಹಾಗೇ ಮಾಡ್ತಿದ್ದೆವು. ಅದಕ್ಕೇ ನಮ್ಮ ಬೇಡಿಕೆ ಬರೀ ಪರೀಕ್ಷೆಯಲ್ಲ. ಕೋಳಿಗೆ ಕೋಳಿ. ತೆಗೆದ ಒಂದೊಂದು ಹೇಂಟೆಗೂ ಪರೀಕ್ಷೆ ಆದ ಹಿಂಡಿನಿಂದ ಬೆಳೆದ ಕೋಳಿ ಕೊಡಬೇಕು, ದುಡ್ಡಿನ ಚೀಟಿಯಲ್ಲ. ಹಿತ್ತಲಿಗೆಂದೇ ಹೆಬ್ಬಾಳದಲ್ಲಿ ತಳಿ ಕಟ್ಟಿದ ಗಿರಿರಾಜನ ಮರಿ ಹಂಚಿ ಫೋಟೋ ತೆಗೆಸಿಕೊಳ್ಳೋದು ಸುಲಭ. ರೋಗ ಇರೋ ಹಿತ್ತಲಿಗೆ ಬಿಟ್ಟರೆ ಆ ಮರಿಯೂ ಉಳಿಯೋದು ಕಷ್ಟ.

ಈ ಸಲ ರಜೆಗೆ ಹೋದವರು ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಬರ್ಕೊಳ್ಳಿ: ಯಾವ ಹಟ್ಟಿ, ಯಾವ ಬಣ್ಣದ ಹೇಂಟೆ, ಎಷ್ಟು ಮೊಟ್ಟೆ ಇಟ್ಟರು, ಎಷ್ಟು ಪಿಳ್ಳೆ ಆದವು, ಎಷ್ಟನೇ ದಿನ ಸತ್ತವು. ಆಗತಾನೇ ಸತ್ತ ಪಿಳ್ಳೆ ಸಿಕ್ಕರೆ ಕೈಗೆ ಕವರು ಹಾಕಿಕೊಂಡು ಎತ್ತಿ, ಐಸಿನ ಜೊತೆ ಕಟ್ಟಿ, ಅವತ್ತೇ ಪಶು ಆಸ್ಪತ್ರೆಗೆ ಮುಟ್ಟಿಸಿ. ಅರ್ಜಿಗೆ ಮೊದಲ ಹೆಬ್ಬೆಟ್ಟು ಅವ್ವಂದಿರದಿರಲಿ, ಕೋಳಿ ಅವರದು. ನಮ್ಮ ಸಹಿ ಕೆಳಗೆ ಹಾಕೋಣ.