ನಿತ್ಯಜೀವದ ದಾರಿ ಕೇಳಿದ ಮೂವರು

1. ಸಾವಿನ ಎದುರು ಎರಡು ನಿಲುವು

ಅಮೆರಿಕದ ಕ್ಯಾರೊಲಿನ್ ಹ್ಯಾಸ್ಕೆಲ್ ಇಂಗರ್‌ಸಾಲ್ 1893ರಲ್ಲಿ ತೀರಿಕೊಂಡರು. ಅದಕ್ಕೆ ಮುನ್ನವೇ ಅವರು ತಂದೆಯ ನೆನಪಿಗಾಗಿ ಒಂದು ದತ್ತಿಯನ್ನು ಉಯಿಲಿನಲ್ಲಿ ಬರೆದಿಟ್ಟಿದ್ದರು. ಮನುಷ್ಯನ ಅಮರತ್ವವನ್ನು ಕುರಿತು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ ನಡೆಯಬೇಕು, ಅದು ಅಚ್ಚಾಗಿ ಜನರ ಕೈ ಸೇರಬೇಕು ಎಂಬುದು ಅವರ ಆಸೆ. 1897ರಲ್ಲಿ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಅಲ್ಲಿ ಮಾತಾಡಿದರು. 1955ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಆಸ್ಕರ್ ಕುಲ್ಮನ್ ಅದೇ ವೇದಿಕೆಯಲ್ಲಿ ನಿಂತು ಕ್ರೈಸ್ತ ಜಗತ್ತನ್ನು ಬೆಚ್ಚಿಬೀಳಿಸಿದರು. ಆತ್ಮ ಸಹಜವಾಗಿಯೇ ಅಮರ ಎಂಬ ವಿಚಾರ ಗ್ರೀಕರದು, ಹೊಸ ಒಡಂಬಡಿಕೆ ಹೇಳುವುದು ಸತ್ತವರ ಪುನರುತ್ಥಾನವನ್ನು ಎಂದು ಅವರು ವಾದಿಸಿದರು. ಅಚ್ಚಾದ ಆ ಉಪನ್ಯಾಸ ಎಬ್ಬಿಸಿದಷ್ಟು ಆಕ್ಷೇಪವನ್ನು ತಮ್ಮ ಬೇರಾವ ಬರಹವೂ ಎಬ್ಬಿಸಲಿಲ್ಲ ಎಂದು ಮುಂದೆ ಅವರೇ ಹೇಳಿಕೊಂಡರು.

ವಾದಕ್ಕೆ ಕುಲ್ಮನ್ ಎರಡು ಸಾವುಗಳನ್ನು ಅಕ್ಕಪಕ್ಕದಲ್ಲಿ ಇಟ್ಟರು. ಅಥೆನ್ಸಿನಲ್ಲಿ ಸಾಕ್ರೆಟಿಸ್ ಶಿಷ್ಯರೊಡನೆ ಆತ್ಮದ ಅಮರತ್ವವನ್ನು ಚರ್ಚಿಸುತ್ತ ಶಾಂತವಾಗಿ ವಿಷದ ಬಟ್ಟಲು ಕುಡಿಯುತ್ತಾನೆ. ಅವನಿಗೆ ಸಾವೆಂದರೆ ದೇಹದ ಸೆರೆಯಿಂದ ಬಿಡುಗಡೆ. ಗೆತ್ಸೇಮನೆ ತೋಟದಲ್ಲಿ ಯೇಸು ಹಾಗಿಲ್ಲ. ಅವನು ನಡುಗುತ್ತಾನೆ, ಸಂಕಟಪಡುತ್ತಾನೆ, ಶಿಷ್ಯರು ಎಚ್ಚರವಾಗಿದ್ದು ಜೊತೆಗಿರಲಿ ಎಂದು ಬಯಸುತ್ತಾನೆ. ಅಪೊಸ್ತಲನಾದ ಪೌಲ ತನ್ನ ಒಂದು ಪತ್ರದಲ್ಲಿ ಸಾವನ್ನು ಕಟ್ಟಕಡೆಯ ಶತ್ರು ಎಂದೇ ಎಣಿಸಿದ್ದಾನೆ.

ಆತ್ಮಕ್ಕೆ ಹುಟ್ಟು ಸಾವುಗಳಿಲ್ಲ ಎಂಬ ಮಾತನ್ನು ಕೇಳುತ್ತ ಬೆಳೆದ ಕನ್ನಡಿಗರಿಗೆ ಈ ವ್ಯತ್ಯಾಸ ಮೊದಲೇ ತಿಳಿದಿದ್ದರೆ ಒಳ್ಳೆಯದು. ಕುಲ್ಮನ್ ವಾದವನ್ನು ಎಲ್ಲ ಕ್ರೈಸ್ತರೂ ಒಪ್ಪುವುದಿಲ್ಲ. ಆತ್ಮ ಅಮರವೆಂದು ಕಥೋಲಿಕ ಧರ್ಮಸಭೆ ಇಂದಿಗೂ ಬೋಧಿಸುತ್ತದೆ. ಆದರೆ ಸಾಯದೆ ಉಳಿಯುವುದಷ್ಟೇ ನಿತ್ಯಜೀವವಲ್ಲ ಎಂಬುದರಲ್ಲಿ ಎಲ್ಲರದೂ ಒಂದೇ ಮಾತು. ಯೊವಾನ್ನನ ಸುವಾರ್ತೆಯ 17ನೆಯ ಅಧ್ಯಾಯದ ಪ್ರಕಾರ ದೇವರನ್ನೂ ಅವನು ಕಳುಹಿಸಿದ ಕ್ರಿಸ್ತನನ್ನೂ ಅರಿಯುವುದೇ ನಿತ್ಯಜೀವ. ಅದೇ ಸುವಾರ್ತೆಯ 5ನೆಯ ಅಧ್ಯಾಯದ ಪ್ರಕಾರ ನಂಬಿದವನು ಈಗಾಗಲೇ ಸಾವಿನಿಂದ ಜೀವಕ್ಕೆ ದಾಟಿದ್ದಾನೆ. ಅಂದರೆ ಅದು ಸಮಾಧಿಯ ಆಚೆಗಷ್ಟೇ ಸೇರಿದ್ದಲ್ಲ, ಈ ಬದುಕಿನಲ್ಲೇ ಮೊದಲಾಗುವಂಥದು. ಮನುಷ್ಯನಲ್ಲಿ ತಾನಾಗಿ ಇಲ್ಲದ ಈ ಜೀವ ಅವನಿಗೆ ದೊರೆಯುವುದು ಹೇಗೆ?

2. ಮೂವರು ಕೇಳಿದರು

ಹೊಸ ಒಡಂಬಡಿಕೆಯಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಕೇಳಿದವರು ಮುಖ್ಯವಾಗಿ ಮೂವರು. ಮೂವರಿಗೂ ಸಿಕ್ಕ ಉತ್ತರ ಮೇಲುನೋಟಕ್ಕೆ ಬೇರೆ ಬೇರೆ.

ಮೊದಲನೆಯವನು ಐಶ್ವರ್ಯವಂತ. ಮಾರ್ಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಅವನು ಓಡೋಡಿ ಬಂದು ಯೇಸುವಿನ ಮುಂದೆ ಮೊಣಕಾಲೂರುತ್ತಾನೆ. ನಿತ್ಯಜೀವ ಪಡೆಯಲು ಏನು ಮಾಡಬೇಕು ಎಂದು ಕೇಳುತ್ತಾನೆ. ಕೊಲೆ, ವ್ಯಭಿಚಾರ, ಕಳವು, ಸುಳ್ಳುಸಾಕ್ಷಿ, ಮೋಸ ಕೂಡದು, ತಂದೆತಾಯಿಗಳನ್ನು ಗೌರವಿಸಬೇಕು ಎಂಬ ಆಜ್ಞೆಗಳನ್ನು ಯೇಸು ನೆನಪಿಸುತ್ತಾನೆ. ಅವನ್ನೆಲ್ಲ ಚಿಕ್ಕಂದಿನಿಂದ ಪಾಲಿಸಿದ್ದೇನೆ ಎನ್ನುತ್ತಾನೆ ಅವನು. ಯೇಸು ಅವನನ್ನು ದಿಟ್ಟಿಸಿ ನೋಡಿ ಪ್ರೀತಿಸಿದ ಎಂದು ಮಾರ್ಕ ಬರೆಯುತ್ತಾನೆ. ಆಮೇಲೆ ಬರುವುದು ಕಠಿಣವಾದ ಮಾತು: ಇದ್ದುದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ತನ್ನ ಹಿಂದೆ ಬರಬೇಕು. ಬಹಳ ಆಸ್ತಿಯಿದ್ದ ಆತ ಮುಖ ಬಾಡಿಸಿಕೊಂಡು ಹೊರಟುಹೋಗುತ್ತಾನೆ. ಹಾಗಾದರೆ ಯಾರಿಗೆ ರಕ್ಷಣೆ ಸಾಧ್ಯ ಎಂದು ಶಿಷ್ಯರು ಬೆರಗಾಗುತ್ತಾರೆ. ಮನುಷ್ಯರಿಂದ ಆಗದ್ದು ದೇವರಿಂದ ಆದೀತು ಎಂಬುದು ಅವರಿಗೆ ಸಿಕ್ಕ ಉತ್ತರ.

ಎರಡನೆಯವನು ಧರ್ಮಶಾಸ್ತ್ರ ಬಲ್ಲ ಪಂಡಿತ. ಲೂಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಅವನು ಪರೀಕ್ಷಿಸಲೆಂದೇ ಕೇಳುತ್ತಾನೆ. ಶಾಸ್ತ್ರದಲ್ಲಿ ಏನಿದೆಯೆಂದು ಯೇಸು ತಿರುಗಿ ಕೇಳಿದಾಗ, ದೇವರನ್ನೂ ನೆರೆಯವನನ್ನೂ ಪ್ರೀತಿಸಬೇಕೆಂದು ಸರಿಯಾಗಿಯೇ ಒಪ್ಪಿಸುತ್ತಾನೆ. ಆದರೆ ಅಲ್ಲಿಗೆ ನಿಲ್ಲಿಸದೆ, ತನ್ನ ನೆರೆಯವನು ಯಾರು ಎಂದು ಗಡಿ ಹಾಕಲು ಹೊರಡುತ್ತಾನೆ. ಆಗ ಯೇಸು ಹೇಳಿದ್ದೇ ಸಮಾರ್ಯದವನ ಕಥೆ. ಜೆರುಸಲೇಮಿನಿಂದ ಯೆರಿಕೋವಿಗೆ ಹೋಗುವ ದಾರಿ ಸುಮಾರು 1000 ಮೀಟರ್ ಇಳಿಯುವ ನಿರ್ಜನ ಮರುಭೂಮಿಯ ದಾರಿ. ಕಳ್ಳರು ಬಡಿದು ಬಿಟ್ಟುಹೋದವನನ್ನು ಕಂಡ ಯಾಜಕನೂ ಲೇವಿಯನೂ ಪಕ್ಕಕ್ಕೆ ಸರಿದು ಸಾಗುತ್ತಾರೆ. ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದವನು ನಿಂತು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟುತ್ತಾನೆ, ತನ್ನ ಪ್ರಾಣಿಯ ಮೇಲೆ ಕೂರಿಸಿ ಛತ್ರಕ್ಕೆ ಒಯ್ಯುತ್ತಾನೆ, ಎರಡು ದಿನಾರಿ ಕೊಡುತ್ತಾನೆ. ಅದು ಕೂಲಿಯವನ ಎರಡು ದಿನದ ಸಂಪಾದನೆ. ಪಂಡಿತನೂ ಹಾಗೆಯೇ ಮಾಡಬೇಕೆಂದು ಹೇಳಿ ಯೇಸು ಮಾತು ಮುಗಿಸುತ್ತಾನೆ.

ಮೂರನೆಯವನು ಸೆರೆಮನೆಯ ಅಧಿಕಾರಿ. ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯದಲ್ಲಿ ಮಕೆದೋನ್ಯದ ಫಿಲಿಪ್ಪಿ ಪಟ್ಟಣದಲ್ಲಿ ಪೌಲನನ್ನೂ ಸೀಲನನ್ನೂ ಛಡಿಗಳಿಂದ ಹೊಡೆದು, ಕಾಲಿಗೆ ಕೋಳ ಹಾಕಿ ಒಳಕೋಣೆಗೆ ತಳ್ಳುತ್ತಾರೆ. ನಡುರಾತ್ರಿ ಅವರು ಹಾಡುತ್ತಿರುವಾಗ ಭೂಕಂಪವಾಗಿ ಬಾಗಿಲುಗಳು ತೆರೆದುಕೊಳ್ಳುತ್ತವೆ. ಕೈದಿಗಳು ಓಡಿಹೋದರೆಂದುಕೊಂಡ ಅಧಿಕಾರಿ ಕತ್ತಿ ಹಿರಿದು ತನ್ನನ್ನೇ ಕೊಂದುಕೊಳ್ಳಲು ಮುಂದಾಗುತ್ತಾನೆ. ಎಲ್ಲರೂ ಇಲ್ಲೇ ಇದ್ದೇವೆ ಎಂದು ಪೌಲ ಕೂಗುತ್ತಾನೆ. ರಕ್ಷಣೆ ಹೊಂದಲು, ಅಂದರೆ ಈ ಜೀವ ಪಡೆಯಲು, ಏನು ಮಾಡಬೇಕೆಂದು ಅಧಿಕಾರಿ ನಡುಗುತ್ತ ಕೇಳುತ್ತಾನೆ. ಕರ್ತನಾದ ಯೇಸುವಿನಲ್ಲಿ ನಂಬಿಕೆಯಿಡಬೇಕು, ಅಷ್ಟೇ ಉತ್ತರ. ಅದೇ ಹೊತ್ತಿನಲ್ಲಿ ಅವನು ಆ ಇಬ್ಬರ ಗಾಯಗಳನ್ನು ತೊಳೆಯುತ್ತಾನೆ, ಮನೆಯವರ ಸಮೇತ ದೀಕ್ಷಾಸ್ನಾನ ಹೊಂದುತ್ತಾನೆ, ಅವರಿಗೆ ಊಟ ಬಡಿಸುತ್ತಾನೆ.

ಒಬ್ಬನಿಗೆ ತ್ಯಾಗ, ಒಬ್ಬನಿಗೆ ಸೇವೆ, ಒಬ್ಬನಿಗೆ ನಂಬಿಕೆ. ಉತ್ತರಗಳು ಬೇರೆಯಾದದ್ದು ಕೇಳಿದವರು ಅವುಚಿಕೊಂಡಿದ್ದ ವಸ್ತು ಬೇರೆಯಾದದ್ದರಿಂದ: ಆಸ್ತಿ, ಪಾಂಡಿತ್ಯದ ಗಡಿ, ಭಯ. ಒಳಗೆ ಹರಿಯುವ ಮಾತು ಒಂದೇ. ಮೂರರಲ್ಲಿ ಎಲ್ಲಿಯೂ ನಿತ್ಯಜೀವ ಮಾರಾಟಕ್ಕಿಲ್ಲ, ಕೊಡುವವನು ದೇವರು. ಮೂರರಲ್ಲಿ ಎಲ್ಲಿಯೂ ಅದು ಒಬ್ಬಂಟಿಯಾಗಿ ಅನುಭವಿಸುವ ಸೊತ್ತೂ ಅಲ್ಲ. ಐಶ್ವರ್ಯವಂತನ ಎದುರು ಬಡವರಿದ್ದಾರೆ, ಪಂಡಿತನ ಎದುರು ದಾರಿಯಲ್ಲಿ ಬಿದ್ದವನಿದ್ದಾನೆ, ಸೆರೆಮನೆಯವನ ಎದುರು ಬೆನ್ನು ಸುಲಿದುಹೋದ ಕೈದಿಗಳಿದ್ದಾರೆ. ಕೊಡುವವನು ದೇವರು, ಕೊಡುಗೆ ಒಬ್ಬಂಟಿಯ ಸೊತ್ತಲ್ಲ ಎಂಬ ಎರಡು ಎಳೆಗಳನ್ನು ಒಟ್ಟಿಗೆ ಹಿಡಿಯಲು ಕ್ರೈಸ್ತಸಭೆ ಎರಡು ಸಾವಿರ ವರ್ಷ ಹೆಣಗಿದೆ.

3. ಗಳಿಕೆಯೋ ಕೊಡುಗೆಯೋ

ಮೊದಲ ದೊಡ್ಡ ಜಗಳ ಐದನೆಯ ಶತಮಾನದ್ದು. ಬ್ರಿಟನ್ನಿನಿಂದ ರೋಮಿಗೆ ಬಂದ ಪೆಲಾಜಿಯಸ್ ಅಲ್ಲಿನ ಕ್ರೈಸ್ತರ ಸಡಿಲ ನಡತೆ ಕಂಡು ಮರುಗಿದ. ಮನಸ್ಸು ಮಾಡಿದರೆ ಮನುಷ್ಯ ದೇವರ ಆಜ್ಞೆಗಳನ್ನು ಪಾಲಿಸಬಲ್ಲ ಎಂದು ಬೋಧಿಸಿದ. ಉತ್ತರ ಆಫ್ರಿಕದ ಹಿಪ್ಪೊ ಪಟ್ಟಣದ ಬಿಷಪ್ ಅಗಸ್ಟೀನ್ ಇದನ್ನು ಒಪ್ಪಲಿಲ್ಲ. ಯೌವನದ ಆಸೆಗಳೊಡನೆ ಸೆಣಸಿ ಸೋತಿದ್ದ ಅವನಿಗೆ, ಮನಸ್ಸು ಮಾಡುವ ಶಕ್ತಿಯೇ ಗಾಯಗೊಂಡಿದೆ ಎಂಬುದು ಬದುಕು ಕಲಿಸಿದ ಪಾಠ. ಕೃಪೆ ಮೊದಲು ಬಾರದೆ ಮನುಷ್ಯ ದೇವರ ಕಡೆಗೆ ತಿರುಗಲಾರ ಎಂದು ಅವನು ವಾದಿಸಿದ. 418ರಲ್ಲಿ ಕಾರ್ಥೇಜಿನ ಧರ್ಮಪರಿಷತ್ತು ಪೆಲಾಜಿಯಸ್‌ನ ಬೋಧನೆಯನ್ನು ತಿರಸ್ಕರಿಸಿತು.

ಪೂರ್ವದ ಆರ್ಥೊಡಾಕ್ಸ್ ಸಭೆಗಳು ರಕ್ಷಣೆಯ ವಿಚಾರವನ್ನು ನ್ಯಾಯಾಲಯದ ಭಾಷೆಗಿಂತ ಹೆಚ್ಚಾಗಿ ಚಿಕಿತ್ಸೆಯ ಭಾಷೆಯಲ್ಲಿ ಹೇಳಿದವು. ದೇವರು ಮನುಷ್ಯನಾದದ್ದು ಮನುಷ್ಯ ದೈವಿಕ ಜೀವದಲ್ಲಿ ಪಾಲುಗಾರನಾಗಲೆಂದು ಎಂಬುದು ನಾಲ್ಕನೆಯ ಶತಮಾನದ ಅಲೆಕ್ಸಾಂಡ್ರಿಯದ ಅಥನೇಸಿಯಸ್‌ನಿಂದ ಅವರಿಗೆ ಬಂದ ನೋಟ.

ಎರಡನೆಯ ಜಗಳ ಯುರೋಪನ್ನೇ ಸೀಳಿತು. 1505ರ ಜುಲೈಯಲ್ಲಿ ಮಾರ್ಟಿನ್ ಲೂಥರ್ ಎಂಬ ಕಾನೂನು ವಿದ್ಯಾರ್ಥಿ ಜರ್ಮನಿಯ ಸ್ಟಾಟರ್ನ್‌ಹೈಮ್ ಬಳಿ ಸಿಡಿಲಿಗೆ ಸಿಕ್ಕಿ, ಬದುಕಿದರೆ ಸನ್ಯಾಸಿಯಾಗುತ್ತೇನೆಂದು ಹರಕೆ ಹೊತ್ತ. ಮಠ ಸೇರಿದ ಮೇಲೆ ಉಪವಾಸ, ಜಾಗರಣೆ, ಗಂಟೆಗಟ್ಟಲೆ ಪಾಪನಿವೇದನೆ ಎಲ್ಲ ಮಾಡಿದರೂ ದೇವರು ತನ್ನನ್ನು ಒಪ್ಪಿದನೆಂಬ ನೆಮ್ಮದಿ ಅವನಿಗೆ ಬರಲಿಲ್ಲ. ಅದು ಬಂದದ್ದು ಪೌಲ ರೋಮಿನವರಿಗೆ ಬರೆದ ಪತ್ರವನ್ನು ಓದುತ್ತಿದ್ದಾಗ. ದೇವರ ನೀತಿ ಮನುಷ್ಯ ದುಡಿದು ಮುಟ್ಟಬೇಕಾದ ಎತ್ತರವಲ್ಲ, ನಂಬಿದವನಿಗೆ ದೇವರೇ ಕೊಡುವ ಕೊಡುಗೆ ಎಂದು ಅವನಿಗೆ ಹೊಳೆಯಿತು.

ಅದೇ ಕಾಲದಲ್ಲಿ ಯೊಹಾನ್ ಟೆಟ್ಸೆಲ್ ಎಂಬ ಬೋಧಕ ಊರೂರಿಗೆ ಹೋಗಿ ಪಾಪದಂಡನೆಯಿಂದ ವಿನಾಯಿತಿ ಕೊಡುವ ಪತ್ರಗಳನ್ನು ಹಣಕ್ಕೆ ಹಂಚುತ್ತಿದ್ದ. ಆ ಹಣದ ಅರ್ಧ ರೋಮಿನ ಸಂತ ಪೇತ್ರರ ಮಹಾದೇವಾಲಯದ ಕಟ್ಟಡಕ್ಕೆ, ಉಳಿದರ್ಧ ಮೈಂಟ್ಸಿನ ಆರ್ಚ್‌ಬಿಷಪ್ ಆಲ್ಬ್ರೆಕ್ಟ್ ಫುಗ್ಗರ್ ಲೇವಾದೇವಿ ಮನೆತನಕ್ಕೆ ತೀರಿಸಬೇಕಿದ್ದ ಸಾಲಕ್ಕೆ. 1517ರ ಅಕ್ಟೋಬರ್ 31ರಂದು ಲೂಥರ್ ಇದರ ವಿರುದ್ಧ 95 ವಾದಾಂಶಗಳನ್ನು ಮುಂದಿಟ್ಟ. ಬಡವನಿಗೆ ಕೊಡುವುದು ವಿನಾಯಿತಿ ಕೊಳ್ಳುವುದಕ್ಕಿಂತ ಮೇಲು ಎಂಬುದೂ ಅವುಗಳಲ್ಲಿ ಒಂದು. ಆಸ್ತಿ ಬಿಡಲಾರದೆ ಹೋದ ಐಶ್ವರ್ಯವಂತನ ಕಥೆ ಹೀಗೆ ಮತ್ತೆ ಮುಂದೆ ಬಂತು, ಈ ಬಾರಿ ಸಭೆಯ ಒಳಗೇ.

ಕಥೋಲಿಕ ಧರ್ಮಸಭೆ ಉತ್ತರ ಕೊಟ್ಟದ್ದು ಟ್ರೆಂಟ್ ಮಹಾಸಭೆಯಲ್ಲಿ. 1547ರ ಜನವರಿ 13ರ ಅದರ ಆದೇಶ ಓದಿದವರಿಗೆ ಅಚ್ಚರಿ ಕಾದಿದೆ. ಕ್ರಿಸ್ತನ ಕೃಪೆಯಿಲ್ಲದೆ ಸ್ವಂತ ಕ್ರಿಯೆಗಳಿಂದಲೇ ಮನುಷ್ಯ ದೇವರೆದುರು ನೀತಿವಂತನಾಗಬಲ್ಲ ಎನ್ನುವವರನ್ನು ಅದು ಮೊದಲ ನಿಯಮದಲ್ಲಿಯೇ ಖಂಡಿಸುತ್ತದೆ. ಆದರೆ ಬಂದ ಕೃಪೆಗೆ ಮನುಷ್ಯ ಓಗೊಡಬೇಕು, ಆ ಕೃಪೆಯಲ್ಲಿ ಬೆಳೆಯಬೇಕು, ಸಂಸ್ಕಾರಗಳಿಂದ ಅದನ್ನು ಪೋಷಿಸಿಕೊಳ್ಳಬೇಕು ಎಂದು ಒತ್ತಿಹೇಳುತ್ತದೆ. ಲೂಥರ್ ಸತ್ಕ್ರಿಯೆಯನ್ನು ತಳ್ಳಿಹಾಕಿದ ಎಂಬುದೂ ತಪ್ಪು ಕಲ್ಪನೆ. ಒಳ್ಳೆಯ ಮರ ಒಳ್ಳೆಯ ಹಣ್ಣು ಬಿಡುತ್ತದೆ, ಹಣ್ಣು ಮರವನ್ನು ಹುಟ್ಟಿಸುವುದಿಲ್ಲ ಎಂಬುದು ಅವನ ನಿಲುವು.

4. ಮಂಗಳೂರಿಗೆ ಬಂದ ಪ್ರಶ್ನೆ

ಕರಾವಳಿಯಲ್ಲಿ ಕಥೋಲಿಕರು ಅದಾಗಲೇ ನೆಲೆಸಿದ್ದರು. 1834ರಲ್ಲಿ ಬಾಸೆಲ್ ಮಿಶನ್ನಿನ ಧರ್ಮಪ್ರಚಾರಕರಾದ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದಿಳಿದಾಗ ಲೂಥರ್‌ನ ಪರಂಪರೆಯ ಉತ್ತರವೂ ಅಲ್ಲಿಗೆ ಬಂತು. ಕನ್ನಡ ನಿಘಂಟಿನಿಂದ ಎಲ್ಲರಿಗೂ ಪರಿಚಿತನಾದ ಕಿಟ್ಟೆಲ್ ಈ ಮಿಶನ್ನಿನವನೇ. ಆತ 1862ರಲ್ಲಿ ಪ್ರಕಟಿಸಿದ ‘ಕಥಾಮಾಲೆ’ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳುತ್ತದೆ.

ಆ ಕಾಲದಲ್ಲಿ ಈ ಉತ್ತರವನ್ನು ಒಪ್ಪಿಕೊಳ್ಳುವುದು ಸುಲಭವಾಗಿರಲಿಲ್ಲ. ದೀಕ್ಷಾಸ್ನಾನ ಪಡೆದವನು ಜಾತಿಯಿಂದ, ಮನೆಯಿಂದ, ಕಸುಬಿನಿಂದ ಹೊರಬೀಳುತ್ತಿದ್ದ. 1844ರಲ್ಲಿ ದೀಕ್ಷಾಸ್ನಾನ ಪಡೆದ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ಬಾಸೆಲ್‌ನಲ್ಲಿ ಓದಿ, ಬೋಧಕನಾಗಿ ಮರಳಿದ. ಧರ್ಮ ಬದಲಿಸಿದವರ ಪಿತ್ರಾರ್ಜಿತದ ಹಕ್ಕಿಗೆ ಕಾನೂನಿನ ರಕ್ಷಣೆ ಸಿಕ್ಕಿದ್ದು 1850ರಲ್ಲಿ. ಕೆಲಸ ಕಳೆದುಕೊಂಡವರಿಗಾಗಿ ಮಿಶನ್ ಮುದ್ರಣಾಲಯ, ನೇಯ್ಗೆ ಶಾಲೆಗಳನ್ನು ನಡೆಸಿತು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಮಂಗಳೂರು ಹೆಂಚಿನ ಹಿಂದೆ ಹೀಗೆ ನಿತ್ಯಜೀವದ ಪ್ರಶ್ನೆಗೆ ಉತ್ತರ ಕಂಡು ಬೆಲೆ ತೆತ್ತ ಕುಟುಂಬಗಳಿವೆ.

5. ಒಪ್ಪಂದ, ಮತ್ತು ಉಳಿದದ್ದು

1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕ ಧರ್ಮಸಭೆ ಮತ್ತು ಲೂಥರನ್ ವಿಶ್ವ ಒಕ್ಕೂಟ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ದೇವರು ಮನುಷ್ಯನನ್ನು ಅಂಗೀಕರಿಸುವುದು ಮನುಷ್ಯನ ಅರ್ಹತೆ ನೋಡಿ ಅಲ್ಲ, ಕೃಪೆಯಿಂದ, ಕ್ರಿಸ್ತನಲ್ಲಿಟ್ಟ ನಂಬಿಕೆಯ ಮೂಲಕ. ಆ ಅಂಗೀಕಾರ ಮನುಷ್ಯನನ್ನು ಸತ್ಕ್ರಿಯೆಗೆ ಕರೆಯುತ್ತದೆ ಎಂದು ಎರಡೂ ಕಡೆಯವರು ಒಟ್ಟಾಗಿ ಹೇಳಿದರು. 2006ರಲ್ಲಿ ಮೆಥಡಿಸ್ಟರು, 2017ರಲ್ಲಿ ಸುಧಾರಿತ ಸಭೆಗಳ ವಿಶ್ವ ಒಕ್ಕೂಟ ಇದನ್ನು ಸೇರಿಕೊಂಡವು. ಪರಮಪ್ರಸಾದವನ್ನು ಒಟ್ಟಿಗೆ ಸ್ವೀಕರಿಸುವಷ್ಟು ಐಕ್ಯ ಇನ್ನೂ ಬಂದಿಲ್ಲ.

ಭಾರತದಂಥ ದೇಶದಲ್ಲಿ ಇನ್ನೊಂದು ಪ್ರಶ್ನೆ ಎದುರಾಗುತ್ತದೆ. ಕ್ರಿಸ್ತನ ಹೆಸರನ್ನೇ ಕೇಳದವರ ಗತಿಯೇನು? ತಮ್ಮದಲ್ಲದ ಕಾರಣದಿಂದ ಸುವಾರ್ತೆಯನ್ನು ಅರಿಯದೆ, ಪ್ರಾಮಾಣಿಕವಾಗಿ ದೇವರನ್ನು ಹುಡುಕಿ ಅಂತಃಸಾಕ್ಷಿಯಂತೆ ಬಾಳಿದವರಿಗೂ ರಕ್ಷಣೆ ಸಿಗಬಹುದು ಎಂದು 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಹೇಳಿತು. 1974ರ ಲೊಸಾನ್ ಒಡಂಬಡಿಕೆಗೆ ಸಹಿ ಹಾಕಿದ ಇವಾಂಜೆಲಿಕಲ್ ನಾಯಕರು, ಕ್ರಿಸ್ತನೊಬ್ಬನೇ ರಕ್ಷಕ, ಅವನ ಸುವಾರ್ತೆ ಎಲ್ಲರಿಗೂ ತಲುಪಬೇಕು ಎಂಬ ನಿಲುವಿಗೆ ಅಂಟಿಕೊಂಡರು. ಈ ಭಿನ್ನಾಭಿಪ್ರಾಯ ಇಂದಿಗೂ ಜೀವಂತವಾಗಿದೆ.

ತೀರ್ಮಾನ ಕೇಳಿದರೆ ಹೇಳಬಹುದಾದದ್ದು ಇಷ್ಟು. ಕ್ರೈಸ್ತ ನಂಬಿಕೆಯಲ್ಲಿ ನಿತ್ಯಜೀವ ಪೂರಾ ಕೊಡುಗೆ. ಯೇಸುವಿನ ಪಕ್ಕದಲ್ಲಿ ಶಿಲುಬೆಗೇರಿದ ದುಷ್ಕರ್ಮಿಗೆ ಸತ್ಕಾರ್ಯಕ್ಕೆ ಸಮಯವೇ ಇರಲಿಲ್ಲ, ಆದರೂ ಅವನಿಗೆ ಪರದೈಸಿನ ಮಾತು ಸಿಕ್ಕಿತು. ಬದುಕಿ ಉಳಿದವರ ವಿಷಯ ಬೇರೆ. ಹಸಿದವರು, ಬಾಯಾರಿದವರು, ರೋಗಿಗಳು, ಸೆರೆಯಲ್ಲಿರುವವರು ಇವರನ್ನು ಹೇಗೆ ನೋಡಿಕೊಂಡರು ಎಂಬುದರ ಮೇಲೆ ಕೊನೆಯ ತೀರ್ಪು ನಿಂತಿದೆ ಎಂದು ಮತ್ತಾಯನ 25ನೆಯ ಅಧ್ಯಾಯ ಸ್ಪಷ್ಟವಾಗಿ ಹೇಳುತ್ತದೆ. ಕೊಡುಗೆಯನ್ನು ಮರೆತ ಕಡೆ ಧರ್ಮ ವ್ಯಾಪಾರವಾಗಿದೆ. ನೆರೆಯವನನ್ನು ಮರೆತ ಕಡೆ ನಂಬಿಕೆ ಬಾಯಿಮಾತಾಗಿದೆ. ಚರಿತ್ರೆಯಲ್ಲಿ ಎರಡಕ್ಕೂ ಸಾಕ್ಷಿಗಳಿವೆ.

ಈ ಪುಸ್ತಿಕೆ ಕೈಗೆತ್ತಿಕೊಂಡವರು ಯಾವ ಮತದವರೇ ಆಗಿರಲಿ, ಮಾರ್ಕನ 10, ಲೂಕನ 10, ಅಪೊಸ್ತಲರ ಕೃತ್ಯಗಳ 16, ಈ ಮೂರು ಅಧ್ಯಾಯಗಳನ್ನು ಕನ್ನಡ ಬೈಬಲಿನಲ್ಲಿ ಒಂದೇ ಕೂತಲ್ಲಿ ಓದಬೇಕು. ಕ್ರೈಸ್ತರಾದವರು ಓದಿದ ಮೇಲೆ ತಮ್ಮ ಸಭೆಯ ಖರ್ಚುವೆಚ್ಚದ ಪಟ್ಟಿಯನ್ನೂ ತೆರೆದು, ಅದರಲ್ಲಿ ಬಡವರಿಗೆ, ರೋಗಿಗಳಿಗೆ, ಕೈದಿಗಳಿಗೆ ಎಷ್ಟು ಮೀಸಲಾಗಿದೆ ಎಂದು ನೋಡಲಿ.